ತಮಟೆಯವನ ಹೆಸರು

ತೆರಕಣಾಂಬಿಯ ನಮ್ಮ ಬೀದಿಯಲ್ಲಿ ಹಿರಿಯರೊಬ್ಬರಿದ್ದರು. ದೊರೆಗಳ ಕಾಲದಲ್ಲಿ ಕಾಡಿನೊಳಗೆ ತಮಟೆ ಬಡಿದು, ಬೇಟೆಗಾರರ ಕಡೆಗೆ ಹುಲಿಯನ್ನು ಎಬ್ಬಿಸುತ್ತಿದ್ದವರು. ಕನ್ನಡದವರೆಲ್ಲ ಒಂದೇ ರಾಜ್ಯವಾಗುವ ಮಾತು ನಡೆಯುತ್ತಿದ್ದ ಆ ದಿನಗಳಲ್ಲಿ ಅವರಿಗೆ ಉಳಿದಿದ್ದ ಕೆಲಸವೆಂದರೆ ಸಂಜೆ ಜಗಲಿಯಲ್ಲಿ ಕೂತು ಕತೆ ಹೇಳುವುದು. ಕೇಳುವವರು ಹೂಂಗುಟ್ಟಲೇಬೇಕು. ಹೂಂ ಬರದಿದ್ದರೆ ಕತೆ ನಿಲ್ಲಿಸಿ ಎಲೆಅಡಿಕೆ ಮೆಲ್ಲುತ್ತಾ ಕೂತುಬಿಡುತ್ತಿದ್ದರು.

ಹುಲಿ ಸಾಯುವ ಕತೆಯನ್ನೇ ನಾವು ಮತ್ತೆ ಮತ್ತೆ ಕೇಳುತ್ತಿದ್ದುದು. ಗುಂಡು ತಗುಲಿದ ಹುಲಿ ಹಳ್ಳದ ನೀರಿಗೆ ತೆವಳುವುದನ್ನು ಅಂಗೈಯನ್ನು ನೆಲದ ಮೇಲೆ ಎಳೆದೆಳೆದು ತೋರಿಸುತ್ತಿದ್ದರು. "ಅದೂ ಒಂದು ಜೀವ ಕಣ್ಲಾ" ಎನ್ನುತ್ತಾ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅದಕ್ಕೂ ಮುಂಚೆ ಆ ಹುಲಿ ಒಬ್ಬನನ್ನು ಕೊಂದಿರುತ್ತಿತ್ತು. "ಯಾವನೋ ತಮಟೆಯೋನು ಸತ್ತ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ನಾವೂ ಹೂಂ ಎಂದುಬಿಡುತ್ತಿದ್ದೆವು.

ಒಂದು ಸಂಜೆ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವರ ತಮ್ಮನ ಹೆಂಡತಿ, ಗಂಡನನ್ನು ಕಳೆದುಕೊಂಡವಳು, ತಲೆ ಎತ್ತದೆ ಕೇಳಿದಳು: "ಉಲಿಗೆ ಇಷ್ಟೊಂದು ಅಳ್ತೀರಲ್ಲಾ ಬಾವ, ನಿಮ್ ತಮ್ಮಂಗೆ ಒಂದು ಎಸ್ರಾದ್ರೂ ಬ್ಯಾಡ್ವಾ?"

ಅವರು ಕತೆಯನ್ನು ಮೊದಲಿಂದ ಶುರುಮಾಡಿದರು. ಆ ಜಾಗಕ್ಕೆ ಬಂದಾಗ, "ನನ್ ತಮ್ಮ ಸಿದ್ದ ಸತ್ತ" ಎಂದು ನಿಲ್ಲಿಸಿ, ನಮ್ಮ ಹೂಂಗಾಗಿ ಕಾದರು.

ಯಾರ ಬಾಯಿಂದಲೂ ಹೂಂ ಹೊರಡಲಿಲ್ಲ. ಕತೆ ಅಲ್ಲೇ ನಿಂತಿತು. ಅವರು ಇರುವ ತನಕ ಆ ಹುಲಿ ಮತ್ತೆ ಸಾಯಲಿಲ್ಲ.