ಪಟ್ಟಿ ಅಂಟಿಸಿದ ಮೇಲಿನ ಮೊದಲ ನಿಮಿಷ

ನನ್ನ ತಂಗಿಯ ಮಗಳ ಎಡಗಣ್ಣು ಮಂದ ಎಂಬುದು ಮನೆಯವರಿಗೆ ಗೊತ್ತಾದದ್ದು ಅವಳು ಎರಡನೇ ತರಗತಿಗೆ ಬಂದ ಮೇಲೆ, ಶಾಲೆಯಲ್ಲಿ ನಡೆದ ಕಣ್ಣಿನ ತಪಾಸಣೆಯಲ್ಲಿ. ಅಲ್ಲಿಯವರೆಗೆ ಬಲಗಣ್ಣೊಂದೇ ಎರಡರ ಕೆಲಸವನ್ನೂ ಮಾಡುತ್ತಿತ್ತು. ಲಿಂಗಸುಗೂರಿನ ಕಣ್ಣಿನ ವೈದ್ಯೆ ಪರೀಕ್ಷೆ ಮಾಡಿ ವಿಷಯವನ್ನು ನೇರವಾಗಿ ಹೇಳಿದರು. ಮೆದುಳು ಆ ಕಣ್ಣನ್ನು ಬಳಸುವುದನ್ನೇ ಬಿಟ್ಟಿದೆ. ಕನ್ನಡಕ ಹಾಕಬೇಕು, ದಿನವೂ ಒಂದಿಷ್ಟು ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಬೇಕು, ಆ ಹೊತ್ತಿನಲ್ಲಿ ಮಂದ ಕಣ್ಣಿನಿಂದ ಹತ್ತಿರದ ಕೆಲಸ ಮಾಡಿಸಬೇಕು. ಈ ವಯಸ್ಸಿನಲ್ಲಿ ಮಾಡಿದರೆ ಫಲ ಚೆನ್ನಾಗಿರುತ್ತದೆ, ಬೆಳೆದ ಮೇಲೆ ಕಷ್ಟ.

ನಾನು ಸಿಂಧನೂರಿನಲ್ಲಿದ್ದು ಪತ್ರಿಕೆಯೊಂದಕ್ಕೆ ವರದಿ ಮಾಡುತ್ತೇನೆ. ತಂಗಿಯ ಮನೆ ಮಸ್ಕಿಯಲ್ಲಿದೆ. ಅವಳೂ ಅವಳ ಗಂಡನೂ ನೌಕರಿಯಲ್ಲಿರುವುದರಿಂದ ಶಾಲೆ ಬಿಟ್ಟ ಮೇಲೆ ಹುಡುಗಿ ಅಜ್ಜಿಯ ಜೊತೆ, ಅಂದರೆ ತಂಗಿಯ ಅತ್ತೆಯ ಜೊತೆ ಇರುತ್ತಾಳೆ. ಪಟ್ಟಿ ಅಂಟಿಸುವುದು ಸಂಜೆ, ತಂಗಿ ಮನೆಗೆ ಬಂದ ಮೇಲೆ.

ನಾನು ಮೊದಲ ಬಾರಿ ಅದನ್ನು ಕಂಡ ಸಂಜೆ ಮನೆಯೇ ರಣರಂಗವಾಗಿತ್ತು.

“ಏನೂ ಕಾಣವಲ್ದು, ತಗೀಬೇ!” ಎಂದು ಹುಡುಗಿ ಚೀರುತ್ತಿದ್ದಳು.

“ಚಲೋ ಕಣ್ಣು ಮುಚ್ಚಿ ಖರಾಬ್ ಕಣ್ಣಿಗೆ ದುಡಿ ಅಂತಾರಂತ. ಇದ್ಯಾವ ಶಾಣ್ಯಾತನ?” ಎಂದರು ಅಜ್ಜಿ.

“ಅತ್ತಿ, ನೀವು ಹಂಗಂದ್ರ ಆಕಿ ಇನ್ನಾ ಜೋರು ಅಳ್ತಾಳ್ರೀ,” ಎಂದಳು ತಂಗಿ. ಅಷ್ಟರಲ್ಲಿ ಪಟ್ಟಿ ಹುಡುಗಿಯ ಕೈಯಲ್ಲಿತ್ತು.

ಚಿತ್ರಕ್ಕೆ ಬಣ್ಣ ತುಂಬಿಸಿದರು, ಮಣಿ ಪೋಣಿಸಲು ಕೊಟ್ಟರು. ಯಾವುದೂ ನಾಲ್ಕು ದಿನ ನಡೆಯಲಿಲ್ಲ. ಫೋನ್ ಕೊಟ್ಟರೆ ಬೆರಳು ಎಲ್ಲೆಲ್ಲೋ ತಾಗಿ ಆಟದಿಂದ ವಿಡಿಯೊಗೆ ಹೋಗುತ್ತಿತ್ತು, ನಡುವೆ ಯಾರದೋ ಕರೆ ಬರುತ್ತಿತ್ತು. ಆಗ ನನ್ನ ಬಳಿ ಇದ್ದ ಆಟದ ಯಂತ್ರವನ್ನು ತಂದುಕೊಟ್ಟೆ. ಅಂಗೈ ಅಗಲದ್ದು, ಎಡಕ್ಕೂ ಬಲಕ್ಕೂ ಗುಂಡಿಗಳಿರುವಂಥದ್ದು. ಸಭೆಗಳು ತಡವಾಗಿ ಶುರುವಾಗುವ ನಮ್ಮ ಕಡೆ ಕಾಯುವ ಹೊತ್ತಿಗೆ ಬೇಕಾಗುತ್ತದೆಂದು ತರಿಸಿಕೊಂಡಿದ್ದೆ. ಅದರಲ್ಲಿ ಹೊಂಡಗಳನ್ನು ಜಿಗಿಯುತ್ತ ಓಡುವ ಒಂದು ಇಲಿಯ ಆಟವಿತ್ತು. ಹುಡುಗಿಗೆ ಅದು ಹಿಡಿಸಿತು.

ಆದರೂ ಅಳು ನಿಲ್ಲಲಿಲ್ಲ. ಯಾಕೆಂದು ಕೂತು ನೋಡಿದೆ. ಆಟ ಶುರುವಾದ ಮೇಲೆ ಹುಡುಗಿಗೆ ಪಟ್ಟಿಯ ನೆನಪೇ ಇರುತ್ತಿರಲಿಲ್ಲ. ಮುಖವನ್ನು ಪರದೆಯ ಹತ್ತಿರಕ್ಕೆ ತಂದು, ತುಟಿ ಕಚ್ಚಿಕೊಂಡು ಆಡುತ್ತಿದ್ದಳು. ಗಲಾಟೆಯೆಲ್ಲ ಅದಕ್ಕಿಂತ ಮುಂಚಿನದು. ಯಂತ್ರ ಹೊತ್ತಿಸಿದರೆ ಮೊದಲು ಕಪ್ಪು ಪರದೆ, ಆಮೇಲೆ ಕಂಪನಿಯ ಗುರುತು, ಮತ್ತೆ ಕಪ್ಪು, ಕೊನೆಗೆ ಸಣ್ಣ ಅಕ್ಷರಗಳಲ್ಲಿ ಆಟಗಳ ಸಾಲು. ಅಕ್ಕಿ ತೊಳೆದು ಕುಕ್ಕರಿಗೆ ಇಡುವಷ್ಟು ಹೊತ್ತು. ದೊಡ್ಡವರಿಗೆ ಅದು ಏನೂ ಅಲ್ಲ. ಒಳ್ಳೆಯ ಕಣ್ಣು ಮುಚ್ಚಿಸಿಕೊಂಡು ಮಬ್ಬಿನಲ್ಲಿ ಕೂತ ಮಗುವಿಗೆ ಅದು ಬಹಳ. ಮೊದಲೇ ಹೊತ್ತಿಸಿಟ್ಟು ಪಟ್ಟಿ ಹಚ್ಚಲು ಹೋದರೆ ಅವಳು ಎರಡೂ ಕಣ್ಣು ಬಿಟ್ಟುಕೊಂಡು ಆಟ ಶುರುಮಾಡಿ, ಪಟ್ಟಿ ಹಿಡಿದ ಕೈಯನ್ನು ಹತ್ತಿರ ಬರಗೊಡುತ್ತಿರಲಿಲ್ಲ. ಪಟ್ಟಿ ಕಿತ್ತು ಹೋಗುತ್ತಿದ್ದದ್ದು ಆ ಮೊದಲ ನಿಮಿಷದಲ್ಲೇ. ಒಮ್ಮೆ ಕಿತ್ತರೆ ಆ ಸಂಜೆ ಮತ್ತೆ ಅಂಟುತ್ತಿರಲಿಲ್ಲ.

ಕಾರಣ ಸಿಕ್ಕ ಮೇಲೆ ದಾರಿಯೂ ಸಿಕ್ಕಿತು. ಇಂಥ ಯಂತ್ರ ಎಚ್ಚರವಾಗುವುದಕ್ಕೆ ಒಳಗೊಂದು ಮೂಲ ತಂತ್ರಾಂಶ ಬೇಕು, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ನನ್ನ ಯಂತ್ರದಲ್ಲಿ ಅದು ಒಂದು ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿರುತ್ತದೆ. ಕಂಪನಿಯದನ್ನು ಬಿಟ್ಟು, ಹವ್ಯಾಸಿಗಳು ಬರೆದು ಉಚಿತವಾಗಿ ಹಂಚುವ ಬೇರೊಂದನ್ನು ಹಾಕಿಕೊಳ್ಳಬಹುದು. ಗುಂಡಿ ಒತ್ತಿದ ಕೂಡಲೇ, ಹಿಂದಿನ ದಿನ ಬಿಟ್ಟ ಜಾಗದಿಂದಲೇ ಆಟ ತೆರೆಯುವಂಥದ್ದೂ ಇದೆ ಎಂದು ಓದಿದೆ.

ಓದಿದ್ದನ್ನು ಇನ್ನೊಂದು ಕಡೆ ಖಚಿತಪಡಿಸಿಕೊಳ್ಳದೆ ನಾನು ಮುಂದುವರಿಯುವುದಿಲ್ಲ. ಅದು ಸುದ್ದಿಮನೆ ಕಲಿಸಿದ ಪಾಠ. ಹೊರಗಿನಿಂದ ಒಂದೇ ಥರ ಕಾಣುವ ಈ ಯಂತ್ರಗಳ ಒಳಗಿನ ಸರ್ಕ್ಯೂಟ್ ಹಲಗೆ ಬೇರೆ ಬೇರೆ ಇರುತ್ತದೆ, ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಪರದೆ ಹೊತ್ತುವುದಿಲ್ಲ. ಮುಂದಿನ ಸಲ ಮಸ್ಕಿಗೆ ಹೋದಾಗ ಹಿಂಬದಿಯ ಮುಚ್ಚಳ ಬಿಚ್ಚಿ, ಹಲಗೆಯ ಮೇಲಿನ ಗುರುತು ನೋಡಿಕೊಂಡು, ಅದಕ್ಕೆ ಹೊಂದುವುದನ್ನೇ ಇಳಿಸಿಕೊಂಡೆ. ಹಳೆಯ ಕಾರ್ಡನ್ನು ಮುಟ್ಟಬಾರದೆಂದು ತೀರ್ಮಾನಿಸಿ ಸಿಂಧನೂರಿನ ಬಸ್ ನಿಲ್ದಾಣದ ಬಳಿಯ ಮೊಬೈಲ್ ಅಂಗಡಿಯಲ್ಲಿ ಹೊಸದು ಕೇಳಿದೆ.

“ಫೋನಿಗೇನ್ರಿ ಸರ?”

“ಅಲ್ಲ, ಆಟ ಆಡೋದಕ್ಕ.”

ಅಂಗಡಿಯಾತ ನನ್ನ ನರೆತ ತಲೆ ನೋಡಿದ. “ಆಡ್ರಿ ಆಡ್ರಿ. ಬ್ಯಾಡ ಅನ್ನೋರ್ಯಾರು?”

ಹೊಸ ಕಾರ್ಡಿಗೆ ಸಿಂಧನೂರಿನಲ್ಲೇ ಎಲ್ಲವನ್ನೂ ತುಂಬಿ, ರವಿವಾರ ಬೆಳಿಗ್ಗೆ ಮಸ್ಕಿಗೆ ಹೋದೆ. ಯಂತ್ರದ ಕೆಳಗಿನ ಅಂಚಿನ ಸೀಳಿನಿಂದ ಹಳೆಯ ಕಾರ್ಡ್ ತೆಗೆದು ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ದಢೇಸುಗೂರಿನ ಕಡೆಯ ಗದ್ದೆಗಳಿಗೆ ಕಾಲುವೆ ನೀರು ಮುಟ್ಟಿದೆಯೇ ಇಲ್ಲವೇ ಎಂದು ಕೇಳುತ್ತಿದ್ದರು. ಮಾತಾಡಲು ಅಂಗಳಕ್ಕೆ ಹೋದೆ.

ಮರಳಿ ಬರುವಷ್ಟರಲ್ಲಿ ಅಜ್ಜಿ ತಮ್ಮ ಕೆಲಸ ಮುಗಿಸಿದ್ದರು. ಆ ಮನೆಯಲ್ಲಿ ಯಾವ ಹೊಸ ಕೆಲಸವೂ ವಿಭೂತಿ ಇಲ್ಲದೆ ಶುರುವಾಗುವುದಿಲ್ಲ. ಬೈಕಿಗೆ, ಮಿಕ್ಸಿಗೆ, ಶಾಲೆಯ ಹೊಸ ಚೀಲಕ್ಕೆ ಎಲ್ಲಕ್ಕೂ ಹಚ್ಚುತ್ತಾರೆ. ಬೆರಳು ಒದ್ದೆ ಮಾಡಿ, ವಿಭೂತಿ ಗಟ್ಟಿಗೆ ತಿಕ್ಕಿ, ಯಂತ್ರದ ಬೆನ್ನಿನ ಮೇಲೆ ಅಂಚಿನಿಂದ ಅಂಚಿಗೆ ಮೂರು ದಪ್ಪ ಗೆರೆ ಎಳೆದಿದ್ದರು. ಗೆರೆಗಳು ಚೆನ್ನಾಗಿ ಕಂಡವು. ನಾನು ಹೊಸ ಕಾರ್ಡ್ ಹಾಕಿ ಗುಂಡಿ ಒತ್ತಿದೆ.

ಪರದೆ ಕಪ್ಪಗೇ ಉಳಿಯಿತು. ಇನ್ನೊಮ್ಮೆ ಒತ್ತಿದೆ, ಒತ್ತಿ ಹಿಡಿದೆ. ಏನೂ ಇಲ್ಲ.

“ಮಾಮಾ, ಇಲಿ ಸತ್ತೈತೇನು?” ಎಂದಳು ಹುಡುಗಿ.

ತಂಗಿಯ ಮುಖ ಸಣ್ಣದಾಯಿತು. “ಅಣ್ಣಾ, ಇದ್ದದ್ದೂ ಹೋತೇನೋ? ಮುಂದಿನ ತಿಂಗಳ ಡಾಕ್ಟರ್‌ಗೆ ತೋರ್ಸಬೇಕು. ಪಟ್ಟಿ ಹಚ್ಚಿದ್ದ ಇಲ್ಲಂದ್ರ ಏನಂತ ಹೇಳ್ಲಿ?”

“ಏನ್ರಿ ಬೀಗರ,” ಎಂದರು ಅಜ್ಜಿ, “ಪೇಪರ್‌ನ್ಯಾಗ ಮಂದಿ ತಪ್ಪು ಹುಡುಕ್ತೀರಿ. ಈಗ ಇದರದ್ದೊಂದು ಹುಡುಕ್ರಿ.”

“ಹುಡುಕಾಕತ್ತೀನ್ರಿ ಅಮ್ಮಾರ. ಜರಾ ತಡೀರಿ,” ಎಂದೆ.

ಹೊಸ ಫರ್ಮ್‌ವೇರೇ ಯಂತ್ರವನ್ನು ಕೆಡಿಸಿತು ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಮೊದಲು ಹೊಳೆದದ್ದನ್ನೇ ಬರೆದು ಕಳಿಸುವ ವರದಿಗಾರ ಮರುದಿನ ತಿದ್ದುಪಡಿ ಬರೆಯಬೇಕಾಗುತ್ತದೆ. ಹೊಸ ಕಾರ್ಡ್ ತೆಗೆದು ಹಳೆಯದನ್ನು ಹಾಕಿದೆ. ಹಳೆಯದರಲ್ಲಿ ನಾನು ಒಂದಕ್ಷರವನ್ನೂ ಬದಲಿಸಿರಲಿಲ್ಲ, ಆದರೂ ಪರದೆ ಕಪ್ಪು. ಹಾಗಾದರೆ ತಪ್ಪು ಹೊಸ ಕಾರ್ಡಿನದಲ್ಲ. ಚಾರ್ಜರ್ ಚುಚ್ಚಿದೆ, ಕೆಂಪು ದೀಪ ಹತ್ತಿತು. ಬ್ಯಾಟರಿಯದೂ ಅಲ್ಲ. ಉಳಿದದ್ದು ಎರಡೂ ಕಾರ್ಡುಗಳು ಕೂರುವ ಸೀಳು. ಫೋನಿನ ಬೆಳಕು ಬಿಟ್ಟು ಒಳಗೆ ನೋಡಿದೆ. ಚಿನ್ನದ ಬಣ್ಣದ ಸಣ್ಣ ಹಲ್ಲುಗಳ ಮೇಲೆ ಬೆಳ್ಳಗೆ ವಿಭೂತಿ ಒಣಗಿ ಕೂತಿತ್ತು.

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. “ಅಮ್ಮಾರ, ವಿಭೂತಿ ಒಳಗ ಹೋಗೈತ್ರಿ,” ಎಂದೆ.

ಅಜ್ಜಿ ನನ್ನ ಕೈಯಿಂದ ಯಂತ್ರ ತೆಗೆದುಕೊಂಡು, ಸೀಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇಲ್ಲೊಂದು ಬಾಯಿ ಐತಂತ ನನಗೇನು ಗೊತ್ತ್ರೀ? ಬಾಯಿ ತಗದಿಟ್ಟು ನೀವು ಅಂಗಳಕ್ಕ ಹೋಗಿ ಮಾತಾಡ್ಕೋತ ನಿಂತ್ರಿ.”

ಅದರಲ್ಲೂ ನಿಜವಿತ್ತು. ಹುಡುಗಿಯ ಬಣ್ಣದ ಡಬ್ಬಿಯಿಂದ ಬಳಸದ ಒಂದು ಕುಂಚ ತಂದು, ಸೀಳನ್ನು ಕೆಳಮುಖ ಹಿಡಿದು, ಮೆಲ್ಲಗೆ ಆಡಿಸಿದೆ. ಬೂದಿ ಉದುರಿತು. ಕಾರ್ಡುಗಳನ್ನೂ ಒಣ ಬಟ್ಟೆಯಿಂದ ಒರೆಸಿದೆ. ಈ ಸಲ ಗುಂಡಿ ಒತ್ತಿದಾಗ ಹೊಸ ಗುರುತು ಮಿಂಚಿ ಮಾಯವಾಯಿತು. ಒಂದೆರಡು ಸೆಟ್ಟಿಂಗ್ ಸರಿಮಾಡಿ, ಇಲಿಯ ಆಟ ತೆರೆದು, ಯಂತ್ರ ಆರಿಸಿ ತಂಗಿಯ ಕೈಗೆ ಕೊಟ್ಟೆ.

ಸಂಜೆ ಪಟ್ಟಿ ಅಂಟಿಸಿದರು. ಹುಡುಗಿ ಬಾಯಿ ತೆರೆಯುವ ಮುನ್ನ ತಂಗಿ ಗುಂಡಿ ಒತ್ತಿದಳು. ಇಲಿ ಎದುರಿಗೇ ಬಂದು ನಿಂತಿತು, ಅದರ ಮುಂದೆ ಹೊಂಡ. ಜಿಗಿಸದಿದ್ದರೆ ಬೀಳುತ್ತಿತ್ತು. ಹುಡುಗಿ ಜಿಗಿಸಿದಳು, ಅಳುವುದಕ್ಕೆ ಪುರಸೊತ್ತು ಆಗಲಿಲ್ಲ.

ಫರ್ಮ್‌ವೇರ್ ಕಣ್ಣು ಗುಣಪಡಿಸಿತು ಎಂದು ನಾನು ಬರೆಯಲಾರೆ. ಕೆಲಸ ಕಣ್ಣಿನದು, ಪಟ್ಟಿಯದು, ದಿನವೂ ತಪ್ಪಿಸದ ತಂಗಿಯದು. ಜ್ವರ ಬಂದ ದಿನ, ಮದುವೆಗೆ ಗೊರೇಬಾಳಕ್ಕೆ ಹೋದ ದಿನ ಪಟ್ಟಿ ಹಚ್ಚಲಿಲ್ಲ ಎಂದು ಅವಳೇ ಫೋನಿನಲ್ಲಿ ಹೇಳುತ್ತಿದ್ದಳು. ಉಳಿದ ಸಂಜೆಗಳಲ್ಲಿ ಪಟ್ಟಿ ನಿಂತಿತು.

ಮುಂದಿನ ತಿಂಗಳು ಲಿಂಗಸುಗೂರಿಗೆ ನಾನೂ ಹೋದೆ, ಅಜ್ಜಿಯೂ ಬಂದರು. ಗೋಡೆಯ ಅಕ್ಷರಫಲಕವನ್ನು ಹುಡುಗಿ ಎಡಗಣ್ಣಿನಿಂದ ಮೊದಲಿಗಿಂತ ಎರಡು ಸಾಲು ಕೆಳಗೆ ಓದಿದಳು. ವೈದ್ಯೆ ತಲೆ ಆಡಿಸಿ, “ಚಲೋ ಆಗಾಕತ್ತೈತಿ. ಆದ್ರ ಇಷ್ಟಕ್ಕ ನಿಲ್ಲಿಸಬ್ಯಾಡ್ರಿ,” ಎಂದರು.

ಅಜ್ಜಿಗೆ ಆ ಕತ್ತಲ ಕೋಣೆಯ ಪರೀಕ್ಷೆಯ ಮೇಲೆ ನಂಬಿಕೆ ಬರಲಿಲ್ಲ. ಬಸ್ ನಿಲ್ದಾಣಕ್ಕೆ ಬಂದ ಮೇಲೆ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಕನ್ನಡಕದ ಬಲಗಾಜಿನ ಮೇಲೆ ತಮ್ಮ ಅಂಗೈ ಮುಚ್ಚಿ, ಅಷ್ಟು ದೂರದಲ್ಲಿ ನಿಂತಿದ್ದ ಬಸ್ಸಿನ ಬೋರ್ಡು ತೋರಿಸಿದರು.

“ಓದಲೇ ನೋಡೂನು.”

ಹುಡುಗಿ ಕತ್ತು ಮುಂದೆ ಚಾಚಿದಳು. “ಮು... ದ... ಗ...” ಎಂದು ಸ್ವಲ್ಪ ತಡೆದಳು. “ಮುದಗಲ್!”

ಅಜ್ಜಿಗೆ ಓದು ಬರುವುದಿಲ್ಲ. ನನ್ನ ಕಡೆ ತಿರುಗಿದರು. “ಬರೋಬ್ಬರಿ ಐತೇನ್ರಿ ಬೀಗರ? ಖರೇ ಹೇಳ್ರಿ.”

“ಬರೋಬ್ಬರಿ ಐತ್ರಿ.”

ಅವರು ಅಂಗೈ ತೆಗೆದು ಸೊಂಟದ ದುಡ್ಡಿನ ಚೀಲ ಮುಟ್ಟಿ ನೋಡಿಕೊಂಡರು. ಮಸ್ಕಿಯ ಬಸ್ಸು ಹೊರಡಲು ನಿಂತಿತ್ತು, ತಂಗಿ ಆಗಲೇ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು.

“ಏ, ಇಳಿಯಬೇ,” ಎಂದು ಸೊಸೆಯನ್ನು ಕೂಗಿದರು ಅಜ್ಜಿ. “ಬಸ್ಸು ಮತ್ತೊಂದು ಬರ್ತೈತಿ. ಮೊದ್ಲ ಮೆಡಿಕಲ್‌ಗೆ ನಡೀ, ಪಟ್ಟಿ ತಗೊಂಡ್ ಹೋಗೂನು.”