ಅಮಾವಾಸ್ಯೆಗೆ ತೊಳೆದ ಕಾರು

ಜಮಖಂಡಿಯ ಗ್ಯಾರೇಜಿನಲ್ಲಿ ಮಿಸ್ತ್ರಿ ಇಮಾಮಸಾಬರು ನನ್ನ ಕಾರಿನ ಹಿಂದಿನ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದರು. ಅದು ತಗಡಿನೊಳಗೆ ಹಾಗೇ ಇಳಿದುಹೋಯಿತು. ತೂತಿನಲ್ಲಿ ಕೆಳಗಿನ ಮಣ್ಣು ಕಂಡಿತು. ನಾನು ಬಂದದ್ದು ಬರೀ ಕ್ಲಚ್ ಹಾಕಿಸಲು. ಮೂರು ಲಕ್ಷ ಕಿಲೋಮೀಟರ್ ಓಡಿದ್ದರೂ ಈ ಕಾರನ್ನು ಮಾರುವುದಿಲ್ಲ ಎಂದು ಮನೆಯವರ ಜೊತೆ ಜಗಳವಾಡಿಯೇ ಬಂದಿದ್ದೆ.

“ಇಂಜಿನ್ ಇನ್ನೂ ಛಲೋ ಐತ್ರಿ ಅಕ್ಕೋರ. ಆದ್ರ ಇದರೊಳಗ ಯಾರು ನೀರು ಹೊಡದಾರ?”

ನಾನೇ. ಪ್ರತಿ ಅಮಾವಾಸ್ಯೆಗೆ ಪೂಜೆಗೆ ಮೊದಲು ನಾಲ್ಕೂ ಬಾಗಿಲು ತೆಗೆದು, ಒಳಗೂ ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದೆ. ಹನ್ನೆರಡು ವರ್ಷ ಆ ನೀರೇ ಕಾರ್ಪೆಟ್ಟಿನಡಿ ನಿಂತು ತಗಡನ್ನು ತಿಂದಿತ್ತು.

“ವೆಲ್ಡಿಂಗ್ ಮಾಡ್ರಿ” ಎಂದೆ.

“ವೆಲ್ಡಿಂಗ್ ಹಿಡ್ಯಾಕ ಗಟ್ಟಿ ತಗಡ ಉಳದಿಲ್ರಿ. ಕ್ಲಚ್ ಹಾಕಿದ್ರ ನನಗ ಕೆಲಸ ಸಿಗತೈತಿ. ಆದ್ರ ಹಿಂದಿನ ಸೀಟಿನ್ಯಾಗ ಯಾರು ಕುಂದರತಾರ, ಮೊದಲ ಅದನ್ನ ಹೇಳ್ರಿ.”

ಸಾವಳಗಿಯ ಶಾಲೆಗೆ ದಿನಾ ನನ್ನ ಜೊತೆ ಬರುವ ಇಬ್ಬರು ಶಿಕ್ಷಕಿಯರು ಕಾಲಿಡುತ್ತಿದ್ದ ಜಾಗ ಅದು. ಕಾರನ್ನು ಉಳಿಸಲೇಬೇಕೆಂದು ಹಟ ಹಿಡಿದು ಬಂದವಳು, ಅದೇ ಹಟದಿಂದ ‘ಗುಜರಿಗೆ ಹಾಕಿಬಿಡ್ರಿ’ ಎಂದು ಕೀಲಿಕೈ ಇಮಾಮಸಾಬರ ಕೈಗಿಟ್ಟು ಬಸ್ಸು ಹತ್ತಿದೆ. ಮರುವಾರ ಬೇರೆ ಕಾರು ಕೊಂಡೆವು.

ಮೊದಲ ಅಮಾವಾಸ್ಯೆಗೆ ಮನೆಯವರು ಎಂದಿನಂತೆ ಎರಡು ಕೊಡ ನೀರು ತಂದಿಟ್ಟರು. ಒಂದನ್ನು ಗಿಡಗಳಿಗೆ ಸುರಿದೆ. ಇನ್ನೊಂದರಲ್ಲಿ ಬಟ್ಟೆ ಅದ್ದಿ, ಹನಿಯೂ ಉಳಿಯದಂತೆ ಹಿಂಡಿ, ಕಾರಿನ ಒಳಗೆಲ್ಲ ಒರೆಸಿದೆ. ಭಕ್ತಿ ಇದ್ದಷ್ಟೇ ಇದೆ, ನೀರು ಕಡಿಮೆಯಾಗಿದೆ.