ಕಂಪೌಂಡರ ಸೇಬಿನ ಜಾಮು

ಒಬ್ಬರೇ ಡಾಕ್ಟರ ಕೈಕೆಳಗೆ ಮೂವತ್ತನಾಲ್ಕು ವರ್ಷ ಕೆಮ್ಮಿನ ಔಷಧ ಕಲಸಿದವರು ಕಂಪೌಂಡರು. ಅಷ್ಟನ್ನೂ ಒಂದೇ ಕಡೆ ಸುರಿದಿದ್ದರೆ ಮೂರು ಕೆರೆ ತುಂಬಿ ಹರಿದು, ಮೀನುಗಳಲ್ಲಿ ಕೆಮ್ಮೆನ್ನುವ ಕಾಯಿಲೆಯೇ ಇಲ್ಲದ ಹಾಗಾಗುತ್ತಿತ್ತು. ಕೆಲಸ ಬಿಟ್ಟು ಏಳು ವರ್ಷವಾದರೂ ಕೈ ಮಾತ್ರ ಕೆಲಸ ಬಿಟ್ಟಿರಲಿಲ್ಲ. ಹಳೆಯ ಕಾಲದ ಔಷಧದ ಬಾಟಲಿ ನೋಡಿದವರಿಗೆ ಗೊತ್ತು: ಬೆನ್ನಿಗೊಂದು ಕಾಗದದ ಪಟ್ಟಿ, ಪಟ್ಟಿಯ ಅಂಚಿಗೆ ಕತ್ತರಿಯಲ್ಲಿ ಹಾಕಿದ ಕಚ್ಚುಗಳು. ಒಂದು ಕಚ್ಚು ಅಂದರೆ ಒಂದು ಡೋಸು. ಕಂಪೌಂಡರು ಮನೆಯಲ್ಲಿ ಎಣ್ಣೆ ಬಾಟಲಿಗೂ ಪಟ್ಟಿ ಹಚ್ಚುತ್ತಿದ್ದರು, ಉಪ್ಪಿನ ಡಬ್ಬಿಗೂ ಹಚ್ಚುತ್ತಿದ್ದರು. ಅವರ ಹೆಂಡತಿ ಒಂದು ಮಧ್ಯಾಹ್ನ ಸ್ವಲ್ಪ ಜಾಸ್ತಿ ನಿದ್ದೆ ಮಾಡಿ ಎದ್ದವರು, ಬೆನ್ನು ತಡವಿ ನೋಡಿಕೊಂಡು, "ಸದ್ಯ, ನನಗಿನ್ನೂ ಅಂಟಿಸಿಲ್ಲ" ಅಂದಿದ್ದರಂತೆ.

ಅವರ ಬದುಕಿನ ದೊಡ್ಡ ಹುಚ್ಚು ಅಂದರೆ ಸೇಬಿನ ಜಾಮು. ಬೀದಿಯ ಮರಗಳು ಎಲೆ ಉದುರಿಸಲು ಶುರು ಮಾಡಿದವೆಂದರೆ ಮಾರುಕಟ್ಟೆಗೆ ಹುಳಿಸೇಬು ಬರುತ್ತದೆ, ಐದು ವಾರ ಇದ್ದು ಹೋಗಿಬಿಡುತ್ತದೆ. ಆ ಐದು ವಾರ ಕಂಪೌಂಡರು ಮನುಷ್ಯರ ಜೊತೆ ಮಾತಾಡುವುದು ಕಡಿಮೆ. ಸಿಪ್ಪೆ ಸಮೇತ ಹೆಚ್ಚಿದ ಸೇಬು, ಸಕ್ಕರೆ, ಜಜ್ಜಿದ ಶುಂಠಿ, ನಾಲ್ಕೇ ನಾಲ್ಕು ಲವಂಗ. ಎಲ್ಲಾ ಸರಿ, ಆದರೆ ಒಂದು ಕೊರತೆ ಇತ್ತು. ಸ್ಪಿರಿಟ್ಟು, ಫಿನಾಯಿಲು, ಟಿಂಚರು ಕುಡಿದು ಕುಡಿದು ಅವರ ಮೂಗು ಎಂದೋ ತೀರಿಕೊಂಡಿತ್ತು. ಮಗ್ಗುಲಲ್ಲಿ ಗೋಣಿಚೀಲಕ್ಕೆ ಬೆಂಕಿ ಬಿದ್ದರೂ, "ಇವತ್ತು ಸ್ವಲ್ಪ ಸೆಕೆ ಅಲ್ವಾ?" ಅನ್ನುವ ಆಸಾಮಿ.

ಹಾಗಾಗಿ ಮೂಗಿನ ಖಾತೆ ಹೆಂಡತಿಯದು. ಇವರು ಒಳಗೆ ಸೌಟು ಹಿಡಿದು ತಿರುಗಿಸುವುದು, ಆಕೆ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿರುವುದು. ಹದ ಬಂದ ಗಳಿಗೆಗೆ ಸರಿಯಾಗಿ ಅಲ್ಲಿಂದಲೇ ಕೂಗು: "ರೀ, ಇಳಿಸಿ!" ಮೂವತ್ತೆಂಟು ವರ್ಷ ಒಂದು ಸಲವೂ ಈ ಕೂಗು ತಪ್ಪಿದ್ದಿಲ್ಲ. ಆ ಮೂಗಿಗೆ ಮೂರನೆಯ ಬೀದಿಯಲ್ಲಿ ಯಾರ ಮನೆ ಹಾಲು ಉಕ್ಕಲಿದೆ ಅನ್ನುವುದು ಹಾಲಿಗಿಂತ ಮೊದಲು ತಿಳಿಯುತ್ತಿತ್ತು. ಇನ್ನು ನಾಲಿಗೆ! ಅಕ್ಕಪಕ್ಕದವರು ಹೊಸದೇನು ಮಾಡಿದರೂ ಒಂದು ಬಟ್ಟಲು ತಂದು ಆಕೆಯ ಮುಂದಿಟ್ಟು, ಪರೀಕ್ಷೆ ಬರೆದ ಮಕ್ಕಳ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದರು. ಪಾಸಾದವರು ಯಾರೂ ಇಲ್ಲ. ಗಂಡನಿಗೂ ರಿಯಾಯಿತಿ ಇರಲಿಲ್ಲ. ಪ್ರತಿವರ್ಷ ಮೊದಲ ಚಮಚ ಬಾಯಿಗಿಟ್ಟು ಒಂದು ತೀರ್ಪು. "ಶುಂಠಿ ಮುಂದೆ ಬಂದು ನಿಂತಿದೆ, ಸೇಬು ಅದರ ಬೆನ್ನ ಹಿಂದೆ ಅಡಗಿದೆ." ಇನ್ನೊಂದು ವರ್ಷ, "ಸಕ್ಕರೆಗೆ ಸೊಕ್ಕು ಬಂದಿದೆ ಕಣ್ರೀ." ಇಷ್ಟು ಬೈದವರು ದಿನಕ್ಕೊಂದು ಕಚ್ಚಿನ ಲೆಕ್ಕದ ತಮ್ಮ ಜಾಮಿನ ಬಾಟಲಿಯನ್ನು ಕದ್ದು ಕದ್ದು ಮೂರು ಕಚ್ಚು ಇಳಿಸುತ್ತಿದ್ದರು. ಕೇಳಿದರೆ ಇರುವೆ ಅನ್ನುತ್ತಿದ್ದರು. ಚಮಚ ಹಿಡಿಯುವ ಇರುವೆ!

ಈ ವರ್ಷ ಬೇಸಿಗೆ ಮುಗಿಯುವಾಗ ಆಕೆಗೆ ಹನ್ನೆರಡು ದಿನ ಜ್ವರ ಬಂದು ಬಿಟ್ಟಿತ್ತು. ಮೈ ಸುಧಾರಿಸಿತು, ಓಡಾಟ ಮೊದಲಿನಂತಾಯಿತು. ಎಲೆ ಉದುರಿದವು, ಸೇಬು ಬಂತು. ಮೊದಲ ಒಲೆ ಹತ್ತಿತು, ಮೆಟ್ಟಿಲಿಂದ ಕೂಗೂ ಬಂತು. ಕಂಪೌಂಡರು ಪಾತ್ರೆ ಇಳಿಸಿ, ಆರಿಸಿ, ಚಮಚ ನೀಡಿ, ಬೈಗುಳಕ್ಕೆ ತಯಾರಾಗಿ ನಿಂತರು.

"ಚೆನ್ನಾಗಿದೆ" ಅಂದರು ಹೆಂಡತಿ.

"ಅಂದ್ರೆ?"

"ಅಂದ್ರೆ ಏನು? ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ."

ಕಂಪೌಂಡರು ಆ ದಿನವೆಲ್ಲ ನೆಲಕ್ಕಿಂತ ನಾಲ್ಕು ಬೆರಳು ಮೇಲೆ ನಡೆದರು. ಮೂವತ್ತೆಂಟು ವರ್ಷಕ್ಕೆ ಗೆದ್ದೆನಲ್ಲ ಎಂದು ಕನ್ನಡಿಯಲ್ಲಿ ಮೀಸೆಯನ್ನೂ ನೋಡಿಕೊಂಡರು. ಮೀಸೆ ಇಲ್ಲದ್ದು ಆಮೇಲೆ ನೆನಪಾಯಿತು.

ಮೂರನೆಯ ದಿನ ಪಕ್ಕದ ಮನೆಯ ದರ್ಜಿ ಬಂದ. ಕೊರಳಲ್ಲಿ ಟೇಪು, ಮುಖದಲ್ಲಿ ಗಾಬರಿ. ಈ ದರ್ಜಿ ಒಂಟಿ ಮನುಷ್ಯ, ಅಡುಗೆಯಲ್ಲಿ ಆಸೆ ಬೆಟ್ಟದಷ್ಟು, ಕೈಗುಣ ಸೂಜಿಯ ಮೊನೆಯಷ್ಟು.

"ಕಂಪೌಂಡರೇ, ಅಕ್ಕ ಹುಷಾರಾಗಿದ್ದಾರಾ?"

"ಯಾಕಪ್ಪ? ಹುಷಾರಾಗೇ ಇದಾಳಲ್ಲ."

"ನಿನ್ನೆ ನಾನು ಕುಂಬಳಕಾಯಿ ಸೂಪು ತಂದುಕೊಟ್ಟೆ. ನಾನು ಮಾಡಿದ್ದು ನಾನೇ ಕುಡಿಯೋಕಾಗಲಿಲ್ಲ, ನಮ್ಮ ಹಿತ್ತಲಿನ ಬೆಕ್ಕು ಮೂಸಿ ನೋಡಿ ಬೇರೆ ಬೀದಿಗೆ ವಾಸ ಹೋಯ್ತು. ಅಕ್ಕ ಪೂರ್ತಿ ಕುಡಿದು 'ಚೆನ್ನಾಗಿದೆ ತಮ್ಮಾ' ಅಂದ್ರು. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ."

ಕಂಪೌಂಡರ ಕಾಲು ಆ ನಾಲ್ಕು ಬೆರಳು ಕೆಳಗಿಳಿದು ನೆಲಕ್ಕೆ ತಾಗಿತು. ದರ್ಜಿಯನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಹೋಗಿ ಹೆಂಡತಿಯ ಜಾಮಿನ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂರು ದಿನ, ಮೂರು ಕಚ್ಚು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಕೆ ಔಷಧ ಕುಡಿಯುವ ಹಾಗೆ ತಿಂದಿದ್ದರು. ಇಷ್ಟು ವರ್ಷದ ಸರ್ವೀಸಿನಲ್ಲಿ ಪಟ್ಟಿಯ ಪ್ರಕಾರ ಇಳಿದ ಬಾಟಲಿ ನೋಡಿ ಅವರಿಗೆ ದಿಗಿಲಾದದ್ದು ಇದೇ ಮೊದಲು.

ಹೆಂಡತಿ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದರು. ಕಂಪೌಂಡರು ಹೋಗಿ ಪಕ್ಕದಲ್ಲಿ ಕೂತರು, ತಾವೂ ಒಂದು ಕಾಯಿ ತೆಗೆದುಕೊಂಡು ಸುಲಿದರು.

"ಎಷ್ಟು ದಿನ ಆಯ್ತೇ?"

"ಏನು ಎಷ್ಟು ದಿನ?"

"ರುಚಿ ಹೋಗಿ."

ಆಕೆಯ ಕೈ ನಿಂತಿತು. "ಜ್ವರ ಬಿಟ್ಟಾಗಿಂದ. ಉಪ್ಪು ಸಿಹಿ ದೂರದಿಂದ ಯಾರೋ ಕೂಗಿದ ಹಾಗೆ ಕೇಳಿಸುತ್ತೆ, ಅಷ್ಟೆ. ವಾಸನೆ ಇಲ್ಲವೇ ಇಲ್ಲ. ಉಂಡರೆ ಹತ್ತಿ ಅಗಿದ ಹಾಗೆ."

"ಮತ್ತೆ ಮೊನ್ನೆ ಇಳಿಸಿ ಅಂತ ಕೂಗಿದೆ?"

"ಗಡಿಯಾರ ನೋಡಿ ಕೂಗಿದೆ."

"ನನಗೆ ಹೇಳಬಾರದಿತ್ತಾ?"

"ವರ್ಷವೆಲ್ಲ ಈ ಐದು ವಾರ ಕಾಯ್ತೀರಿ. ಚಿಕ್ಕ ಮಗುವಿನ ಹಾಗೆ ಚಮಚ ಹಿಡಕೊಂಡು ನಿಂತಿದ್ರಿ. ಗೊತ್ತಾಗ್ತಾ ಇಲ್ಲ ಅಂತ ಹೇಗ್ರೀ ಹೇಳಲಿ?" ಅಂದು ಆಕೆ ಮತ್ತೆ ಬಟಾಣಿಗೆ ಕೈ ಹಾಕಿದರು. ಸಿಪ್ಪೆಯನ್ನು ಪಾತ್ರೆಗೂ ಕಾಳನ್ನು ಕಸಕ್ಕೂ ಹಾಕತೊಡಗಿದರು. ಕಂಪೌಂಡರು ಕಸದಿಂದ ಕಾಳು ಆರಿಸಿ ಆರಿಸಿ ಪಾತ್ರೆಗೆ ಹಾಕಿದರು.

ಮಾರನೆಯ ದಿನ ಡಾಕ್ಟರ ಬಳಿ ಹೋದರು. ಡಾಕ್ಟರಿಗೂ ಈಗ ವಯಸ್ಸಾಗಿತ್ತು. "ಮೂಗಿನ ನರ ಮಲಗಿದೆ. ಎದ್ದರೂ ಏಳಬಹುದು, ಏಳದೆಯೂ ಇರಬಹುದು. ದಿನಾ ಎರಡು ಹೊತ್ತು ಘಾಟಿನ ಪದಾರ್ಥ ಮೂಸಿಸು" ಅಂದರು.

ಇಷ್ಟು ಸಾಕಾಯಿತು ಕಂಪೌಂಡರಿಗೆ. ನಾಲ್ಕು ಪುಟ್ಟ ಬಾಟಲಿ ತೊಳೆದು ಒಣಗಿಸಿದರು. ಒಂದರಲ್ಲಿ ಲವಂಗ, ಒಂದರಲ್ಲಿ ನಿಂಬೆಸಿಪ್ಪೆ, ಒಂದರಲ್ಲಿ ಕಾಫಿಪುಡಿ, ಒಂದರಲ್ಲಿ ಶುಂಠಿ. ನಾಲ್ಕಕ್ಕೂ ಚೀಟಿ: 'ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಮೂಸಲು ಮಾತ್ರ. ಕುಡಿಯಬಾರದು.'

"ಕಾಫಿಪುಡಿ ಯಾರ್ರೀ ಕುಡೀತಾರೆ?"

"ನಿಯಮ ಅಂದ್ರೆ ನಿಯಮ. ಮೂಸು."

"ಏನೂ ಇಲ್ಲ."

"ಸಂಜೆ ನೋಡೋಣ."

ಸಂಜೆಯೂ ಏನೂ ಇಲ್ಲ. ಹೀಗೇ ನಾಲ್ಕು ವಾರ. ಮರದಲ್ಲಿ ಎಣಿಸುವಷ್ಟು ಎಲೆ ಉಳಿದವು. ದರ್ಜಿ ತನ್ನ ಪಾಲಿನ ಚಿಕಿತ್ಸೆಯಾಗಿ ದಿನಕ್ಕೊಂದು ಭಯಂಕರ ಪದಾರ್ಥ ತಂದುಕೊಟ್ಟ. "ಬೈರಿ ಅಕ್ಕ, ಒಂದು ಸಲ ಬೈರಿ" ಎಂದು ಬೇಡಿಕೊಂಡ. ಆಕೆ ನಕ್ಕು, ಪೂರ್ತಿ ತಿಂದು, ಬಟ್ಟಲು ತೊಳೆದು ಕೊಟ್ಟರು. ಕಂಪೌಂಡರು ಜಾಮು ಕಾಯಿಸುವುದನ್ನೇ ಬಿಟ್ಟಿದ್ದರು. ಯಾರೂ ಬೈಯದ ಜಾಮನ್ನು ಮಾಡಿ ಏನು ಮಾಡುವುದು?

ಮಾರುಕಟ್ಟೆಯಲ್ಲಿ ಕೊನೆಯ ಸೇಬು ಬಂದಾಗ ಹೆಂಡತಿಯೇ ಒಂದು ಚೀಲ ತಂದು ಅಡುಗೆಮನೆಯಲ್ಲಿಟ್ಟರು. "ಮುಂದಿನ ಐದು ವಾರಕ್ಕೆ ಇನ್ನು ಹನ್ನೊಂದು ತಿಂಗಳಿದೆ. ನನಗೆ ರುಚಿ ಹೋದರೆ ನಿಮಗೂ ಹೋಗಬೇಕಾ? ಮಾಡಿ. ಗಡಿಯಾರ ನೋಡಿಕೊಂಡು ಮಾಡಿ."

ಬೆಳಗಿನ ಹತ್ತು ಗಂಟೆಗೆ ಒಲೆ ಹಚ್ಚಿದರು. ಹೊರಗೆ ಹೆಂಡತಿ ಮೆಟ್ಟಿಲ ಮೇಲಿನ ಎಲೆ ಗುಡಿಸುತ್ತಿದ್ದ ಸದ್ದು. ಐವತ್ತು ನಿಮಿಷ ಎಂದು ಲೆಕ್ಕ ಹಾಕಿಕೊಂಡು, ಕೈಗೆ ಕೆಲಸವಿರಲೆಂದು ಕಂಪೌಂಡರು ನಡುನಡುವೆ ಸೌಟು ತಿರುಗಿಸುತ್ತ, ಬಾಟಲಿಯ ಪಟ್ಟಿಗೆ ಕತ್ತರಿಯಲ್ಲಿ ಕಚ್ಚು ಹಾಕತೊಡಗಿದರು. ಆದರೆ ಕೊನೆಯ ಸೇಬಿಗೆ ನೀರು ಕಡಿಮೆ ಅನ್ನುವುದು ಗಡಿಯಾರಕ್ಕೆ ಹೇಗೆ ಗೊತ್ತಾಗಬೇಕು? ನಲವತ್ತು ನಿಮಿಷವೂ ಆಗಿರಲಿಲ್ಲ, ಹೊರಗೆ ಪೊರಕೆಯ ಸದ್ದು ನಿಂತಿತು.

"ರೀ..."

ಕಂಪೌಂಡರು ತಲೆ ಎತ್ತಿದರು.

"ರೀ, ಇಳಿಸಿ! ಇಳಿಸ್ರೀ!"

ಕತ್ತರಿ ಕೈಯಲ್ಲೇ, ಸೌಟು ಪಾತ್ರೆಯಲ್ಲೇ ಉಳಿಯಿತು. ಇಳಿಸಬೇಕಾದ ಮನುಷ್ಯ ಕಲ್ಲುಕಂಬದ ಹಾಗೆ ನಿಂತುಬಿಟ್ಟರು. ಪೊರಕೆ ಸಮೇತ ಒಳಗೆ ನುಗ್ಗಿದ ಹೆಂಡತಿ ಅವರನ್ನು ಪಕ್ಕಕ್ಕೆ ತಳ್ಳಿ, ಸೆರಗಿನಲ್ಲೇ ಪಾತ್ರೆ ಹಿಡಿದು ಕೆಳಗಿಟ್ಟರು.

"ಕಿವಿಯೂ ಹೋಯ್ತಾ ನಿಮಗೆ? ತಳ ಹಿಡಿದು ಬೀದಿಯೆಲ್ಲ ಘಾಟು! ಸೀದ ವಾಸನೆ ಮೆಟ್ಟಿಲ ತನಕ..." ಅಲ್ಲಿಗೆ ಮಾತು ನಿಂತಿತು. ಆಕೆ ಇನ್ನೊಂದು ಸಲ ಉಸಿರೆಳೆದುಕೊಂಡರು. ಮತ್ತೊಂದು ಸಲ. ಆಮೇಲೆ ಪೊರಕೆಯನ್ನು ಅಪ್ಪಿಕೊಂಡು ನೆಲದ ಮೇಲೇ ಕೂತುಬಿಟ್ಟರು.

ಕಂಪೌಂಡರ ಕಣ್ಣಿಂದ ಹರಿದ ನೀರು ಅಳೆದಿದ್ದರೆ ಮೂರು ಬಾಟಲಿ ತುಂಬಿ ಮೇಲೊಂದು ಡೋಸು ಉಳಿಯುತ್ತಿತ್ತು. ಚಮಚ ಮುಂದೆ ಹಿಡಿದರು. ಆಕೆ ನೆಕ್ಕಿ, ಮುಖ ಸಿಂಡರಿಸಿ, ಬಹಳ ಹೊತ್ತು ಯೋಚಿಸಿ ಅಂದರು, "ಸೇಬು ಗೊತ್ತಾಗ್ತಿಲ್ಲ. ಶುಂಠಿ ಎಲ್ಲೋ ಗೋಡೆಯಾಚೆ ಇದೆ. ಸೀದದ್ದು ಮಾತ್ರ ಚೆನ್ನಾಗಿ ಗೊತ್ತಾಗ್ತಿದೆ. ಥೂ, ಎಷ್ಟು ಕೆಟ್ಟದಾಗಿ ಮಾಡಿದೀರ್ರೀ!"

"ಇನ್ನೊಂದು ಸಲ ಹೇಳೇ."

"ಕೆಟ್ಟದಾಗಿದೆ!"

ಗೋಡೆಯಾಚೆ ಹೊಲಿಗೆ ಮಿಷಿನ್ನು ಗಕ್ಕನೆ ನಿಂತಿತು. "ಅಕ್ಕ ಬೈದ್ರಾ? ಇರಿ, ಬಂದೆ, ನನ್ನ ಸೂಪೂ ತರ್ತೀನಿ!" ಎಂದು ದರ್ಜಿಯ ಕೂಗು ಕೇಳಿಸಿತು.

ಆ ಸೀದ ಜಾಮನ್ನು ಚೆಲ್ಲಲು ಕಂಪೌಂಡರು ಬಿಡಲಿಲ್ಲ. ಬಾಟಲಿಗೆ ತುಂಬಿ, ಅರ್ಧ ಕತ್ತರಿಸಿದ್ದ ಪಟ್ಟಿ ಪೂರ್ತಿ ಮಾಡಿ ಅಂಟಿಸಿ, ಕಿಟಕಿಯಲ್ಲಿಟ್ಟರು. ಮರುದಿನ ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಎರಡೂವರೆ ಕಚ್ಚು ಇಳಿದಿತ್ತು. ಹಿಂದೆ ಯಾರೋ ಬಂದು ನಿಂತದ್ದು ತಿಳಿಯಿತು.

"ಏನು ನೋಡ್ತಾ ಇದೀರಿ? ಎಷ್ಟು ಸೀದಿದೆ ಅಂತ ಸರಿಯಾಗಿ ತಿಂದು ನೋಡಬೇಕಲ್ಲ."

"ನಾನೇನೂ ಅನ್ನಲಿಲ್ಲಪ್ಪ" ಎಂದರು ಕಂಪೌಂಡರು, "ಇರುವೆ ಬಂದಿರಬೇಕು ಅಂದುಕೊಂಡೆ."